ಹಿರಿಯರ ಕೆಲಸದಿಂದ ಚಿತ್ರಕ್ಕೆ

(ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರು, ಜೊತೆಗೆ ಕರಾವಳಿಯ ಕೆಲವು ಹಿರಿಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಡಲಿನ ಚಿತ್ರ ಬರೆಯಿರಿ ಅಂತ ಯಾರಿಗಾದರೂ ಹೇಳಿ ನೋಡಿ. ಮುಳುಗುವ ಸೂರ್ಯ, ಒಂದು ದೋಣಿ, ಪಕ್ಕದಲ್ಲಿ ಬಾಗಿದ ತೆಂಗಿನ ಮರ. ಹೆಚ್ಚು ಕಡಿಮೆ ಇದೇ ಬರುತ್ತದೆ. ದೋಣಿಯಲ್ಲಿ ಮನುಷ್ಯ ಇದ್ದರೆ ಅವನು ಕಪ್ಪು ನೆರಳು. ಅವನಿಗೆ ಮುಖ ಇಲ್ಲ. ಕೈಯಲ್ಲಿ ಹಿಡಿದದ್ದು ಹುಟ್ಟೋ ಬಲೆಯೋ ಗೊತ್ತಾಗುವುದಿಲ್ಲ. ನಾನು ಆ ನೆರಳಿನ ಮನೆಯವಳು. ಹಾಗಾಗಿ ಈ ವಿಷಯದಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ.

ನಮ್ಮದು ಕುಂದಾಪುರದ ಕಡೆಯ ಮೊಗವೀರ ಮನೆ. ಅಜ್ಜ ರಂಪಣಿಯಲ್ಲಿ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆಯ ಕೆಲಸದಲ್ಲಿ ಇದ್ದವರು. ಅಜ್ಜಿ ಬುಟ್ಟಿ ಹೊತ್ತು ಮೀನು ಮಾರಿದವರು. ದೊಡ್ಡಪ್ಪ ಚಿಕ್ಕ ವಯಸ್ಸಿಗೇ ಮುಂಬೈ ಸೇರಿದರು. ಅಪ್ಪ ಹೊರಗಡಲಲ್ಲಿ ಬಲೆ ಸುತ್ತುವ ಪರ್ಸೀನ್ ಬೋಟಿಗೆ ಹೋದರು. ನಾನು ಬಣ್ಣ, ಬಟ್ಟೆ ಹಿಡಿದುಕೊಂಡೆ. ನಿಮ್ಮಲ್ಲೂ ಇಂಥ ಮನೆಯವರು ಇದ್ದೀರಿ ಅಂತ ನನಗೆ ಗೊತ್ತು. ಕಾರವಾರದ ಹರಿಕಂತ್ರರು, ಗಂಗೊಳ್ಳಿಯ ಖಾರ್ವಿಗಳು, ಅಘನಾಶಿನಿ ದಡದ ಅಂಬಿಗರು. ಹಿರಿಯರ ಬದುಕನ್ನು ಕಲೆಗೆ ತರಬೇಕು ಅಂತ ನಿಮಗೂ ಆಸೆ ಇದೆ. ಎಲ್ಲಿಂದ ಶುರು ಮಾಡುವುದು ಅನ್ನುವುದೇ ಪ್ರಶ್ನೆ.

ನನ್ನ ಉತ್ತರ ಒಂದೇ. ಅವರ ಕೆಲಸದಿಂದ ಶುರು ಮಾಡಿ. ಅವರು ಹೇಗೆ ಕಾಣಿಸುತ್ತಿದ್ದರು ಅನ್ನುವುದು ಆಮೇಲೆ ಬರಲಿ. ಏನನ್ನು ಹೇಗೆ ಮಾಡುತ್ತಿದ್ದರು, ಯಾವ ಸಾಮಾನು ಬಳಸುತ್ತಿದ್ದರು, ಬಂದದ್ದನ್ನು ಹೇಗೆ ಹಂಚಿಕೊಳ್ಳುತ್ತಿದ್ದರು, ಇದನ್ನು ಮೊದಲು ತಿಳಿದುಕೊಳ್ಳಿ. ಚಿತ್ರದ ಆಕಾರ, ಬಣ್ಣ, ಅಳತೆ ಎಲ್ಲವೂ ಅದರೊಳಗೇ ಇವೆ.

ರಂಪಣಿಯಿಂದಲೇ ಹೇಳುತ್ತೇನೆ. ಇಲ್ಲಿರುವ ಚಿಕ್ಕವರು ಅದನ್ನು ನೋಡಿರಲಿಕ್ಕಿಲ್ಲ. ಈಗ ಮಲ್ಪೆ, ಪಡುಕೆರೆ ಕಡೆ ಕೈರಂಪಣಿ ಎಳೆಯುವುದನ್ನು ನೀವು ನೋಡಿರಬಹುದು. ಅದು ಚಿಕ್ಕದು. ಹಳೆಯ ದೊಡ್ಡ ರಂಪಣಿ ಅಂದರೆ ಒಂದು ಕಿಲೋಮೀಟರಿಗೂ ಉದ್ದದ ಬಲೆ. ಅಷ್ಟು ಉದ್ದದ ಬಲೆ ಒಬ್ಬರ ಮನೆಯಲ್ಲಿ ಇರುತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದು ತುಂಡು ತರುತ್ತಿದ್ದರು. ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಅದು ಊರಿನ ಬಲೆ.

ದಡದ ಮೇಲೆ ಒಬ್ಬ ನುರಿತವ ನಿಂತು ನೀರು ನೋಡುತ್ತಿದ್ದ. ಬಂಗುಡೆಯದೋ ಬೂತಾಯಿಯದೋ ಹಿಂಡು ದಡಕ್ಕೆ ಹತ್ತಿರ ಬಂದರೆ ನೀರಿನ ಬಣ್ಣ ಬದಲಾಗುತ್ತದೆ. ಮೇಲೆ ಸಣ್ಣ ಕಂಪನ ಕಾಣುತ್ತದೆ. ಹಕ್ಕಿಗಳು ಒಂದೇ ಕಡೆ ಎರಗುತ್ತವೆ. ಅವನು ಕೈ ಬೀಸಿದ ಕೂಡಲೇ ದೋಣಿ ಹೊರಡುತ್ತಿತ್ತು. ಬಲೆಯ ಒಂದು ತುದಿಯ ಹಗ್ಗ ದಡದಲ್ಲೇ ಉಳಿಯುತ್ತಿತ್ತು. ದೋಣಿ ಹಿಂಡನ್ನು ಬಳಸಿಕೊಂಡು ಬಲೆ ಬಿಡುತ್ತಾ ಸುತ್ತು ಹೊಡೆದು ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಿತ್ತು. ಆಮೇಲೆ ಎರಡೂ ಕಡೆ ಜನ ನಿಂತು ಎಳೆಯುವುದು. ಹತ್ತು ಇಪ್ಪತ್ತು ಜನ ಅಲ್ಲ, ಊರಿಗೆ ಊರೇ. ಐಲೇಸಾ ಅಂತ ಒಬ್ಬ ಕೂಗಿದರೆ ಉಳಿದವರು ದನಿಗೂಡಿಸುತ್ತಾ ಹಿಂದೆ ಹೆಜ್ಜೆ ಇಡುತ್ತಿದ್ದರು. ಎರಡು ಗುಂಪುಗಳೂ ನಿಧಾನವಾಗಿ ಒಂದರ ಕಡೆಗೊಂದು ಸರಿಯುತ್ತಾ ಬರುತ್ತಿದ್ದವು. ಗಂಟೆಗಟ್ಟಲೆ ಕೆಲಸ. ಒಂದೇ ಸಲಕ್ಕೆ ಸಾಗಿಸಲಾಗದಷ್ಟು ಮೀನು ಬಿದ್ದರೆ ಬಲೆಯನ್ನು ನೀರಿನಲ್ಲೇ ಕಟ್ಟಿ ನಿಲ್ಲಿಸಿ, ಒಳಗಿನ ಮೀನನ್ನು ಬೇಕಾದಷ್ಟೇ ತೆಗೆಯುತ್ತಿದ್ದರು. ಆಗ ಊರೂರಿಗೆ ಐಸ್ ಬಂದಿರಲಿಲ್ಲ. ಉಪ್ಪು ಹಾಕಿ ಒಣಗಿಸುವುದು, ಮಿಕ್ಕಿದ ಬೂತಾಯಿಯನ್ನು ತೆಂಗಿನ ಬುಡಕ್ಕೆ ಹಾಕುವುದು, ಇದೇ ದಾರಿ.

ಕೊನೆಗೆ ಪಾಲು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಬಲೆಯ ತುಂಡು ತಂದವನಿಗೆ ತುಂಡಿನ ಲೆಕ್ಕ. ಎಳೆದವನಿಗೆ ಮೈಮುರಿದದ್ದರ ಲೆಕ್ಕ. ದೋಣಿಗೆ ಬೇರೆ. ನಮ್ಮ ಮನೆಯ ಹಿರಿಯರು ಹೇಳುವಂತೆ ದೇವರಿಗೂ ಒಂದು ಪಾಲು, ಗಂಡ ಇಲ್ಲದ ಹೆಂಗಸಿನ ಮನೆಗೂ ಒಂದಿಷ್ಟು ಮೀನು. ಅಜ್ಜನಿಗೆ ಹಳೆಯ ಬಂಗುಡೆ ಸುಗ್ಗಿಗಳ ನೆನಪು ಹೇಳಿ ಅಂದರೆ ಎಷ್ಟು ಮೀನು ಬಿತ್ತು ಅಂತ ಹೇಳುತ್ತಿರಲಿಲ್ಲ. ಯಾರ ಯಾರ ತುಂಡು ಯಾವ ಕ್ರಮದಲ್ಲಿ ಜೋಡಿಸಿತ್ತು ಅಂತ ಹೇಳುತ್ತಿದ್ದರು. ಈ ಮನೆಯದ್ದು, ಆಮೇಲೆ ಆ ಮನೆಯದ್ದು, ಆಮೇಲೆ ತಮ್ಮದು. ಅದು ಅವರಿಗೆ ಬಾಯಿಪಾಠ.

ಇದನ್ನು ಚಿತ್ರ ಮಾಡುವುದು ಹೇಗೆ? ಜನ ಬಲೆ ಎಳೆಯುವ ದೃಶ್ಯ ಬರೆಯಬಹುದು. ತಪ್ಪಿಲ್ಲ. ಆದರೆ ಅಜ್ಜನ ಬಾಯಿಪಾಠ ಅದರಲ್ಲಿ ಬರುವುದಿಲ್ಲ. ಅದಕ್ಕೇ ನಾನು ಒಂದು ಉದ್ದದ ಬಟ್ಟೆಯ ಕೆಲಸ ಮಾಡಿದೆ. ಅಜ್ಜ ಹೇಳಿದ ಮನೆಗಳನ್ನು ಹುಡುಕಿಕೊಂಡು ಹೋದೆ. ಒಂದೊಂದು ಮನೆಯವರೂ ಒಂದೊಂದು ತುಂಡು ಬಟ್ಟೆ ಕೊಟ್ಟರು. ಹಳೆಯ ಪಂಚೆ, ಸೀರೆ, ಒಂದು ಮನೆಯಿಂದ ದೋಣಿಯ ಹಾಯಿಯ ಚೂರು. ಅದರ ಮೇಲೆ ಅವರ ಮನೆಯ ಯಾರಾದರೂ ಏನಾದರೂ ಬರೆಯಬೇಕು, ಇಲ್ಲವೇ ಹೊಲಿಯಬೇಕು. ಕೆಲವರು ಮೀನು ಬರೆದರು. ಕೆಲವರು ಬರೀ ಹೆಸರು. ಒಂದು ಮನೆಯ ಸೊಸೆ ಕಾಸರಗೋಡಿನ ಕಡೆಯವಳು. ಅವಳು ತನ್ನ ತವರಿನ ದೋಣಿ ಹೊಲಿದಳು. ತುಂಡುಗಳನ್ನು ನಾನು ಅಜ್ಜ ಹೇಳಿದ ಕ್ರಮದಲ್ಲೇ ಜೋಡಿಸಿದೆ. ಚಂದಕ್ಕೆ ಅಂತ ಒಂದನ್ನೂ ಆಚೀಚೆ ಮಾಡಲಿಲ್ಲ. ಕಡು ನೀಲಿಯ ಪಕ್ಕ ಕೆಂಪು ಬಂದರೆ ಬರಲಿ. ಆ ಎರಡು ಮನೆಗಳ ಬಲೆ ಪಕ್ಕಪಕ್ಕದಲ್ಲಿತ್ತು, ಅದೇ ಕಾರಣ ಸಾಕು. ಪ್ರದರ್ಶನದಲ್ಲಿ ಅದು ಗೋಡೆಯ ಮೇಲೆ ಹೋಗಲಿಲ್ಲ. ನೆಲದ ಮೇಲೆ ಅರ್ಧ ಸುತ್ತು ಬಂದು ನಿಂತಿತು. ಎರಡು ತುದಿಗಳು ನೋಡುವವರ ಕಡೆ. ಮಾರಾಟದ ಹಣವೂ ಪಾಲಾಯಿತು. ಬಟ್ಟೆಗೊಂದು, ಕೈಕೆಲಸಕ್ಕೊಂದು, ಜೋಡಿಸಿದ ನನಗೊಂದು, ಊರ ಗುಡಿಗೊಂದು.

ಈ ಕೆಲಸದ ಆಕಾರ ನಾನು ಯೋಚಿಸಿ ಕಂಡುಹಿಡಿದದ್ದಲ್ಲ. ಅದು ರಂಪಣಿಯದ್ದೇ.

ರಂಪಣಿ ಹೋದ ಕಥೆಯನ್ನೂ ಚಿಕ್ಕದಾಗಿ ಹೇಳಬೇಕು. 1970ರ ದಶಕದ ನಡುವೆ ನಮ್ಮ ಕರಾವಳಿಗೆ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ, ಹೊರಗಡಲಲ್ಲೇ ಹಿಂಡನ್ನು ಸುತ್ತುವರಿಯುವ ಬಲೆ ಅದು. ದಡದಲ್ಲಿ ಕಾಯುತ್ತಿದ್ದವರಿಗೆ ಮೀನು ಬರುವುದೇ ನಿಂತಿತು. ಜಗಳಗಳಾದವು. ಆಮೇಲೆ ಕೆಲವು ರಂಪಣಿಯವರೇ ಒಟ್ಟಾಗಿ ಪರ್ಸೀನ್ ಬೋಟು ಮಾಡಿದರು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮುಗಿಯಿತು. ನಮ್ಮ ಮನೆಯಲ್ಲಿ ಅಜ್ಜ ರಂಪಣಿ, ಅಪ್ಪ ಪರ್ಸೀನ್. ಇಬ್ಬರೂ ಒಂದೇ ಹಂಚಿನ ಕೆಳಗೆ ಊಟ ಮಾಡಿದರು. ಹಿಂದಿನದೆಲ್ಲ ಒಳ್ಳೆಯದು, ಈಗಿನದೆಲ್ಲ ಕೆಟ್ಟದ್ದು ಅನ್ನುವ ಚಿತ್ರ ನನ್ನಿಂದ ಆಗುವುದಿಲ್ಲ. ಅಪ್ಪನ ಬೋಟಿನ ದುಡ್ಡಿನಿಂದಲೇ ನಾನು ಚಿತ್ರಕಲೆ ಓದಿದ್ದು.

ಇನ್ನು ಬಲೆಯ ಹತ್ತಿರಕ್ಕೆ ಹೋಗೋಣ. ತೀರಾ ಹತ್ತಿರಕ್ಕೆ.

ಕೈಯಲ್ಲಿ ಬಲೆ ಹೆಣೆಯುವುದನ್ನು ನೋಡಿದ್ದೀರಾ? ನೂಲು ಸುತ್ತಿದ ಬಿದಿರಿನ ಸೂಜಿ ಬಲಗೈಯಲ್ಲಿ. ಬಲೆಯ ಕಣ್ಣಿನ, ಅಂದರೆ ಎಳೆಗಳ ನಡುವಿನ ಸಂದಿನ ಅಳತೆಗೆ ಒಂದು ಬಿದಿರಿನ ಪಟ್ಟಿ ಎಡಗೈಯಲ್ಲಿ. ನೂಲು ಪಟ್ಟಿಯ ಮೇಲಿಂದ ಇಳಿದು, ಕೆಳಗಿಂದ ಬಂದು ಮೇಲಿನ ಕಣ್ಣಿನೊಳಗೆ ನುಗ್ಗುತ್ತದೆ. ಎಡ ಹೆಬ್ಬೆರಳು ಅದನ್ನು ಒತ್ತಿ ಹಿಡಿಯುತ್ತದೆ. ಸೂಜಿ ನೂಲನ್ನು ಎಡಕ್ಕೆ ಬೀಸಿ, ಕಣ್ಣಿನ ಎರಡೂ ಎಳೆಗಳ ಹಿಂದಿನಿಂದ ತಂದು, ಬೀಸಿದ ಸುತ್ತಿನೊಳಗಿಂದ ಎಳೆಯುತ್ತದೆ. ಒಂದು ಗಂಟು. ಇಷ್ಟು ಹೇಳಲು ನನಗೆ ಅರ್ಧ ನಿಮಿಷ ಬೇಕಾಯಿತು. ನಮ್ಮ ಚಿಕ್ಕಜ್ಜ ಉಸಿರು ಬಿಡುವುದರೊಳಗೆ ಹಾಕುತ್ತಾರೆ. ವೀಡಿಯೋ ಮಾಡಲು ಸ್ವಲ್ಪ ನಿಧಾನ ಮಾಡಿ ಅಜ್ಜಾ ಅಂದೆ. "ನಿಧಾನ ಮಾಡ್ರೆ ಮರ್ತೇ ಹೋತ್ತ್ ಮಗಾ" ಅಂದರು.

ಹರಿದ ಬಲೆ ಸರಿಮಾಡುವುದು ಇನ್ನೂ ಚಂದ. ತೂತು ಕಂಡ ಕೂಡಲೇ ಹೊಲಿಯಲು ಕೂರುವುದಿಲ್ಲ. ಮೊದಲು ತೂತನ್ನು ದೊಡ್ಡದು ಮಾಡುತ್ತಾರೆ. ಜೋತಾಡುವ ಎಳೆ, ಅರ್ಧ ಕಿತ್ತ ಗಂಟು, ಎಲ್ಲವನ್ನೂ ಚಾಕುವಿನಿಂದ ತೆಗೆದುಹಾಕುತ್ತಾರೆ. ಮೂರು ಎಳೆ ಗಟ್ಟಿಯಾಗಿ ಉಳಿದಿರುವ ಒಂದು ಗಂಟನ್ನು ಹುಡುಕುತ್ತಾರೆ. ಅಲ್ಲಿಂದ ಶುರು. ಸಾಲು ಸಾಲಾಗಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕಣ್ಣು ಕಟ್ಟುತ್ತಾ ಬಂದು, ಕೊನೆಗೆ ಕೆಳಗಡೆ ಅಂಥದ್ದೇ ಮೂರು ಎಳೆಯ ಇನ್ನೊಂದು ಗಂಟಿನಲ್ಲಿ ಮುಗಿಸುತ್ತಾರೆ. ಲೆಕ್ಕ ತಪ್ಪಿದರೆ ಬಲೆ ಒಂದು ಕಡೆ ಸೊಟ್ಟಗೆ ಎಳೆಯುತ್ತದೆ. ಈಗ ಹೊಸ ಬಲೆಯನ್ನು ಯಾರೂ ಕೈಯಲ್ಲಿ ಹೆಣೆಯುವುದಿಲ್ಲ, ಮಿಷನ್ನಿನದ್ದೇ ಬರುತ್ತದೆ. ಆದರೆ ರಿಪೇರಿ ಇವತ್ತಿಗೂ ಕೈಯದ್ದೇ. ಮಲ್ಪೆ, ಗಂಗೊಳ್ಳಿ, ತದಡಿ, ಯಾವ ಬಂದರಿಗೆ ಬೇಕಾದರೂ ಹೋಗಿ ನೋಡಿ.

ನಾನು ಇದನ್ನು ಕಲಿತೆ. ಕಲಿತ ಮೇಲೆ ನನ್ನ ಗೆರೆಯೇ ಬದಲಾಯಿತು. ಮೊದಲು ಬಲೆ ಬರೆಯುವಾಗ ಅಡ್ಡ ಗೆರೆ, ಓರೆ ಗೆರೆ ಎಳೆದು ಜಾಲರಿ ಮಾಡುತ್ತಿದ್ದೆ. ಈಗ ಗಂಟಿನಿಂದ ಗಂಟಿಗೆ ಹೋಗುತ್ತೇನೆ. ಮೇಲೆ ಕಟ್ಟಿದ ಬಲೆಯ ಕಣ್ಣು ಉದ್ದಕ್ಕೆ ಎಳೆಯುತ್ತದೆ. ಸೀಸದ ಗುಂಡು ಇರುವ ಕೆಳಗಿನ ಅಂಚಿನಲ್ಲಿ ಭಾರ ಬೀಳುತ್ತದೆ. ರಾಶಿ ಹಾಕಿದಾಗ ಕಣ್ಣುಗಳು ಮುಚ್ಚಿಕೊಂಡು ಬರೀ ಎಳೆಗಳ ಗುಡ್ಡೆ ಕಾಣುತ್ತದೆ. ನೋಡಿ ಬರೆಯುವವರಿಗೂ ಇದೆಲ್ಲ ಕಾಣುತ್ತದೆ, ನಿಜ. ಆದರೆ ಕೈಗೆ ಗೊತ್ತಿದ್ದರೆ ಗೆರೆಯಲ್ಲಿ ಅಂಜಿಕೆ ಇರುವುದಿಲ್ಲ.

ಬಣ್ಣದ ಮಾತು. ನೈಲಾನ್ ಬರುವ ಮೊದಲು ಬಲೆ ಅಂದರೆ ಹತ್ತಿಯದ್ದು, ಸೆಣಬಿನದ್ದು. ಉಪ್ಪು ನೀರಿನಲ್ಲಿ ಬೇಗ ಕೊಳೆಯುತ್ತಿತ್ತು. ಅದಕ್ಕೆ ಮರದ ತೊಗಟೆ ಬೇಯಿಸಿದ ನೀರಿನಲ್ಲಿ ಆಗಾಗ ಅದ್ದಿ ಒಣಗಿಸುತ್ತಿದ್ದರು. ತೊಗಟೆಯ ಒಗರು ನೂಲನ್ನು ಕಾಪಾಡುತ್ತಿತ್ತು. ಒಂದೊಂದು ಸಲ ಅದ್ದಿದಾಗಲೂ ಬಣ್ಣ ಗಾಢವಾಗುತ್ತಿತ್ತು. ಹೊಸ ಬಲೆ ಕೆಂಪುಗಂದು, ಹಳೆಯದು ಕಾಫಿಯ ಕಂದು. ಕಡಲ ದಡ ಅಂದರೆ ನೀಲಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ ಅಲ್ವಾ? ನಮ್ಮ ಅಜ್ಜಂದಿರ ದಡದ ಬಣ್ಣ ಕಂದು. ಒಣಗಲು ಹರಡಿದ ಬಲೆ, ಎಣ್ಣೆ ಬಳಿದ ದೋಣಿ, ತೆಂಗಿನ ನಾರಿನ ಹಗ್ಗ, ಮಡಲಿನ ಮಾಡು, ಒಣಮೀನು. ಎಲ್ಲ ಕಂದಿನ ಬಗೆಗಳು.

ಆ ಕಂದನ್ನು ಟ್ಯೂಬಿನಿಂದ ಹಿಂಡಲು ನನಗೆ ಮನಸ್ಸಾಗಲಿಲ್ಲ. ಅಳಲೆಕಾಯಿ ಕುಟ್ಟಿ ನೀರಿನಲ್ಲಿ ಬೇಯಿಸಿ, ತೊಗಟೆಯ ಕಷಾಯ ಸೇರಿಸಿ, ಹತ್ತಿ ಬಟ್ಟೆ ಅದ್ದುತ್ತೇನೆ. ಕಪ್ಪು ಬೇಕಾದರೆ ಕಬ್ಬಿಣ. ಕಲಂಕಾರಿ ಮಾಡುವವರು ಮೊದಲಿನಿಂದಲೂ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸಿ ಕಪ್ಪು ಮಾಡುತ್ತಾರೆ. ನಾನು ಒಡೆದ ಹಳೆಯ ಬೋಟಿನ ಮೊಳೆಗಳನ್ನು ಹಾಕುತ್ತೇನೆ. ಆ ನೀರು ನೋಡಲು ಮಂಕಾದ ಹಳದಿ. ಒಗರಿನಲ್ಲಿ ಅದ್ದಿದ ಬಟ್ಟೆಗೆ ಕುಂಚ ತಾಗಿಸಿದರೆ ಮೊದಲು ಬೂದು, ನೋಡುನೋಡುತ್ತಿದ್ದಂತೆ ಕಪ್ಪು. ಒಗರು ಮತ್ತು ಕಬ್ಬಿಣ ಸೇರಿ ಬಟ್ಟೆಯೊಳಗೇ ಹುಟ್ಟುವ ಬಣ್ಣ ಅದು. ಒಗೆದರೂ ಸುಲಭಕ್ಕೆ ಹೋಗುವುದಿಲ್ಲ. ಒಂದು ಎಚ್ಚರಿಕೆ. ಕಬ್ಬಿಣ ಜಾಸ್ತಿಯಾದರೆ ವರ್ಷಗಳು ಕಳೆದಂತೆ ಬಟ್ಟೆ ಟೊಳ್ಳಾಗಿ ಹರಿಯುತ್ತದೆ. ಕೈ ಹಿಡಿತದಲ್ಲಿರಲಿ.

ದೋಣಿಯ ಬಗ್ಗೆ ಹೇಳಲು ಬಹಳ ಇದೆ, ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ರಂಪಣಿಯ ಹಳೆಯ ದೋಣಿಗಳಿಗೆ ಮೊಳೆ ಇರಲಿಲ್ಲ. ಹಲಗೆಗಳ ಅಂಚಿಗೆ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅಲೆ ಬಡಿದಾಗ, ಮರಳಿಗೆ ತಾಗಿದಾಗ ಹೊಲಿದ ದೋಣಿ ಸ್ವಲ್ಪ ಬಾಗುತ್ತದೆ, ಒಡೆಯುವುದಿಲ್ಲ. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಅಲ್ಲಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಭಾರತದ ದೋಣಿಗಳನ್ನು ಹುಡುಕಿ ಹುಡುಕಿ ದಾಖಲಿಸಿದರು. 1947ರಲ್ಲಿ ಶುರುವಾದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಹಳೆಯ ವರದಿಗಳಲ್ಲೂ ಬಲೆ ದೋಣಿಗಳ ವಿವರ ಸಿಗುತ್ತದೆ. ಅವುಗಳಲ್ಲಿ ಬಹಳಷ್ಟು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಓದಲು ಸಿಗುತ್ತವೆ. ಚಿತ್ರ ಬರೆಯುವವರು ವಿಜ್ಞಾನಿಗಳ ವರದಿ ಓದುವುದು ಕಡಿಮೆ. ದಯವಿಟ್ಟು ಓದಿ. ಬಲೆಯ ಕಣ್ಣಿನ ಅಳತೆ, ಹಗ್ಗದ ದಪ್ಪ, ಯಾವ ತಿಂಗಳು ಯಾವ ಮೀನು, ಎಲ್ಲ ಅಲ್ಲಿದೆ. ಅಜ್ಜ ತೀರಿಕೊಂಡ ಮೇಲೆ ನನಗೆ ಹುಟ್ಟಿದ ಎಷ್ಟೋ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಕ್ಕಿದೆ.

ಈಗ ಅಜ್ಜಿ. ಇಲ್ಲಿಯವರೆಗೆ ಗಂಡಸರ ಕೆಲಸವನ್ನೇ ಹೇಳಿದೆ. ಮೀನುಗಾರಿಕೆ ಅಂದ ಕೂಡಲೇ ಎಲ್ಲರ ಕಣ್ಣೂ ದೋಣಿಯ ಕಡೆ ಹೋಗುತ್ತದೆ. ದಡಕ್ಕೆ ಬಂದ ಮೀನು ದುಡ್ಡಾಗುತ್ತಿದ್ದದ್ದು ಹೆಂಗಸರಿಂದ. ಅಜ್ಜಿ ಬೆಳಕು ಹರಿಯುವ ಮೊದಲೇ ದಡದಲ್ಲಿರುತ್ತಿದ್ದರು. ಬುಟ್ಟಿ ತಲೆ ಮೇಲೆ, ಮೀನಿನ ನೀರು ಕುತ್ತಿಗೆಗೆ ಇಳಿಯುತ್ತಾ. ಗದ್ದೆಯ ಅಂಚು ದಾಟಿ, ಹೊಳೆ ದಾಟಿ ಒಳಗಿನ ಊರುಗಳಿಗೆ ನಡೆದೇ ಹೋಗುತ್ತಿದ್ದರು. ಓದು ಬರಹ ಇಲ್ಲ. ಯಾವ ಮನೆಗೆ ಎಷ್ಟು ಸಾಲ ಕೊಟ್ಟೆ ಅನ್ನುವುದು ತಲೆಯಲ್ಲೇ. ಮನೆಗೆ ಬಂದು ಅಡುಗೆ ಮನೆಯ ಗೋಡೆಗೆ ಮಸಿಯ ಗೆರೆ ಹಾಕುತ್ತಿದ್ದರು. ಒಂದು ಮನೆಗೆ ನೆಟ್ಟಗಿನ ಗೆರೆ, ಇನ್ನೊಂದಕ್ಕೆ ಓರೆ, ಮತ್ತೊಂದಕ್ಕೆ ಚುಕ್ಕಿ. ಸಾಲ ತೀರಿದರೆ ಒದ್ದೆ ಬಟ್ಟೆಯಿಂದ ಒರೆಸುವುದು. ಒರೆಸಿದ ಮೇಲೂ ಮಬ್ಬಾದ ಕಲೆ ಉಳಿಯುತ್ತಿತ್ತು. ಅದರ ಮೇಲೆ ಹೊಸ ಗೆರೆ. ವರ್ಷಗಟ್ಟಲೆ ಹೀಗೆ ಆಗಿ ಆ ಗೋಡೆ ಹೇಗಿತ್ತು ಅಂತ ಯೋಚಿಸಿ. ನಮ್ಮ ಮನೆಯಲ್ಲಿ ಕಲೆ ಅಂತ ಏನಾದರೂ ಮೊದಲು ನೋಡಿದ್ದರೆ ಅದು ಆ ಗೋಡೆ. ಮನೆ ರಿಪೇರಿಯಲ್ಲಿ ಅದು ಸುಣ್ಣದಡಿ ಹೋಯಿತು. ಅಮ್ಮನಿಗೂ ಅತ್ತೆಯಂದಿರಿಗೂ ಕೆಲವು ಗುರುತುಗಳು ನೆನಪಿದ್ದವು. ಅವರು ಹೇಳಿದ ಗೆರೆಗಳಿಂದಲೇ ನಾನು ಕಪ್ಪು ಬಿಳುಪಿನ ಒಂದು ಸರಣಿ ಮಾಡುತ್ತಿದ್ದೇನೆ. ಬರೆಯುವುದು, ಒರೆಸುವುದು, ಅದರ ಮೇಲೆ ಮತ್ತೆ ಬರೆಯುವುದು. ಒಂದೇ ಒಂದು ಮೀನೂ ಅದರಲ್ಲಿಲ್ಲ, ಅಲೆಯೂ ಇಲ್ಲ. ಆದರೂ ನನ್ನ ಕೆಲಸಗಳಲ್ಲಿ ಕಡಲಿಗೆ ತೀರಾ ಹತ್ತಿರದ್ದು ಅದೇ ಅಂತ ನನ್ನ ನಂಬಿಕೆ.

ಒಂದು ಗ್ಯಾಲರಿಯವರು ಇದನ್ನು ನೋಡಿ, "ಇದರಲ್ಲಿ ಕರಾವಳಿ ಎಲ್ಲಿದೆ? ದೋಣಿ ಇದ್ದರೆ ಜನಕ್ಕೆ ಗೊತ್ತಾಗುತ್ತದೆ" ಅಂದರು. ನನಗೆ ಬೇಜಾರಾಯಿತು. ಕರಾವಳಿಯವರು ಕರಾವಳಿಯನ್ನೇ ಮಾರಬೇಕು, ಅದೂ ಪೇಟೆಯವರಿಗೆ ಗೊತ್ತಿರುವ ಕರಾವಳಿಯನ್ನೇ ಮಾರಬೇಕು ಅನ್ನುವ ಒತ್ತಾಯ ನಿಮಗೂ ಬರುತ್ತದೆ. ಒಪ್ಪಬೇಡಿ. ಅಜ್ಜಿಯ ಲೆಕ್ಕ ಅಜ್ಜನ ದೋಣಿಗಿಂತ ಕಡಿಮೆ ಕರಾವಳಿ ಅಲ್ಲ.

ಬೇರೆ ಕಡೆಯ ಕೆಲವರನ್ನು ನೆನೆಯುತ್ತೇನೆ. ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಸೇಂಟ್ ಐವ್ಸ್ ಊರಿನಲ್ಲಿ ಆಲ್ಫ್ರೆಡ್ ವಾಲಿಸ್ ಅಂತ ಒಬ್ಬರಿದ್ದರು. 1855ರಲ್ಲಿ ಹುಟ್ಟಿದವರು. ಕಡಲಲ್ಲಿ ದುಡಿದು, ಆಮೇಲೆ ಹಡಗಿನ ಹಳೆ ಸಾಮಾನಿನ ವ್ಯಾಪಾರ ಮಾಡಿದವರು. 1922ರಲ್ಲಿ ಹೆಂಡತಿ ತೀರಿಕೊಂಡ ಮೇಲೆ, ಎಪ್ಪತ್ತರ ಆಸುಪಾಸಿನಲ್ಲಿ, ಚಿತ್ರ ಬರೆಯಲು ಕೂತರು. ಸಿಕ್ಕಿದ ರಟ್ಟಿನ ಚೂರು, ದೋಣಿಗೆ ಬಳಿಯುವ ಪೇಂಟು. ರಟ್ಟು ಸೊಟ್ಟಗಿದ್ದರೆ ಚಿತ್ರವೂ ಆ ಸೊಟ್ಟಕ್ಕೇ ಹೊಂದಿಕೊಳ್ಳುತ್ತಿತ್ತು. ಅವರ ಚಿತ್ರದಲ್ಲಿ ಯಾವುದು ಮುಖ್ಯವೋ ಅದು ದೊಡ್ಡದು. ಮನೆಗಿಂತ ದೋಣಿ ದೊಡ್ಡದು. 1928ರಲ್ಲಿ ಬೆನ್ ನಿಕಲ್ಸನ್, ಕ್ರಿಸ್ಟೋಫರ್ ವುಡ್ ಅನ್ನುವ ಇಬ್ಬರು ಕಲಾವಿದರು ಅವರ ಮನೆಯ ಮುಂದೆ ಹಾದುಹೋಗುವಾಗ ಇದನ್ನು ಕಂಡು ಬೆರಗಾದರು. ಆ ಇಬ್ಬರ ಕೆಲಸದ ಮೇಲೂ ಅದರ ಪ್ರಭಾವ ಆಯಿತು. ವಾಲಿಸ್ ಮಾತ್ರ 1942ರಲ್ಲಿ ಬಡವರ ಆಶ್ರಯ ಮನೆಯಲ್ಲಿ ತೀರಿಕೊಂಡರು. ಇದನ್ನು ಮರೆಯಬಾರದು. ಕೆಲಸದವರ ನೋಟದಿಂದ ಕಲಾಲೋಕ ಬೆಳೆಯುತ್ತದೆ, ಕೆಲಸದವರಿಗೆ ಏನು ಸಿಕ್ಕಿತು ಅಂತ ಯಾರೂ ಕೇಳುವುದಿಲ್ಲ.

ಜಪಾನಿನಲ್ಲಿ 19ನೇ ಶತಮಾನದಲ್ಲಿ ಹಿಡಿದ ಮೀನಿಗೇ ಮಸಿ ಬಳಿದು ಕಾಗದ ಒತ್ತಿ ಅಚ್ಚು ತೆಗೆಯುವ ರೂಢಿ ಬೆಳೆಯಿತು. ಗ್ಯೋತಾಕು ಅಂತ ಅದರ ಹೆಸರು. ಎಷ್ಟು ದೊಡ್ಡ ಮೀನು ಹಿಡಿದೆ ಅನ್ನುವುದಕ್ಕೆ ಅದು ದಾಖಲೆ. ಮಕ್ಕಳ ಜೊತೆ ಮಾಡಲು ಬಹಳ ಚೆನ್ನಾಗಿರುತ್ತದೆ. ದೊಡ್ಡ ಹುರುಪೆಯ ಮೀನು ಆರಿಸಿ, ಬಂಗುಡೆಯಲ್ಲಿ ಅಷ್ಟು ಚೆನ್ನಾಗಿ ಏಳುವುದಿಲ್ಲ.

ಇನ್ನೊಂದು ನಮ್ಮ ಪಕ್ಕದ್ದೇ. ಅಮೆರಿಕದ ಕಲಾವಿದೆ ಜಾನೆಟ್ ಎಕಲ್‌ಮನ್ 1997ರಲ್ಲಿ ಚಿತ್ರ ಪ್ರದರ್ಶನ ಮಾಡಲು ತಮಿಳುನಾಡಿನ ಮಹಾಬಲಿಪುರಕ್ಕೆ ಬಂದಿದ್ದರು. ಅವರ ಬಣ್ಣಗಳು ಬಂದು ಮುಟ್ಟಲೇ ಇಲ್ಲ. ದಡದಲ್ಲಿ ಮೀನುಗಾರರು ಬಲೆ ಗುಡ್ಡೆ ಹಾಕುವುದನ್ನು ನೋಡಿ, ಅವರ ಜೊತೆ ಸೇರಿ ಬಲೆಯಿಂದಲೇ ಶಿಲ್ಪ ಮಾಡಿದರು. ಈಗ ಅವರ ದೊಡ್ಡ ದೊಡ್ಡ ಬಲೆಯ ಶಿಲ್ಪಗಳು ಜಗತ್ತಿನ ಹಲವು ನಗರಗಳ ಮೇಲೆ ತೂಗುತ್ತವೆ. ನನಗೆ ಅವರ ಕೆಲಸದ ಮೇಲೆ ಗೌರವ ಇದೆ. ಜೊತೆಗೇ ನನ್ನೊಳಗೆ ಒಂದು ಪ್ರಶ್ನೆ ಏಳುತ್ತದೆ. ಆ ಬಲೆಯನ್ನು ನಾವು ದಿನಾ ನೋಡಿದ್ದೇವೆ. ತುಳಿಯಬೇಡಿ ಅಂತ ಬೈಸಿಕೊಂಡಿದ್ದೇವೆ. ನಮ್ಮಲ್ಲಿ ಯಾರಿಗೂ ಅದು ಶಿಲ್ಪವಾಗಿ ಯಾಕೆ ಕಾಣಲಿಲ್ಲ? ಮೀನಿನ ವಾಸನೆಯ ಮನೆಯವರು ಅಂತ ಶಾಲೆಯಲ್ಲಿ ದೂರ ಕೂರಿಸಿಕೊಂಡ ಮಕ್ಕಳಿಗೆ ಆ ಮನೆಯಿಂದ ದೂರ ಓಡುವುದೇ ಕಲಿಕೆಯಾಗಿತ್ತು. ನಿಮ್ಮ ಕಾಲಕ್ಕೆ ಅದು ಸ್ವಲ್ಪ ಕಡಿಮೆಯಾಗಿದ್ದರೆ ನನಗೆ ಖುಷಿ.

ಮುಟ್ಟಬಾರದ ಕೆಲವು ವಿಷಯಗಳೂ ಇವೆ. ನಮ್ಮಲ್ಲಿ ಬೊಬ್ಬರ್ಯ ಕಡಲಿನ ದೈವ. ಊರ ಹಿರಿಯರು ಬೇಡ ಅಂದ ಕಡೆ ನಾನು ಕ್ಯಾಮೆರಾ ತೆಗೆಯುವುದಿಲ್ಲ, ಆ ರೂಪವನ್ನು ಅಲಂಕಾರಕ್ಕೆ ಬಳಸುವುದೂ ಇಲ್ಲ. ಕಡಲಿಗೆ ಹೋಗಿ ತಿರುಗಿ ಬಾರದವರ ಫೋಟೋ ಮನೆಮನೆಯ ಗೋಡೆಯಲ್ಲಿದೆ. ಅವರ ಕಥೆ ನನಗೆ ಗೊತ್ತು ಅಂದ ಮಾತ್ರಕ್ಕೆ ಅದು ನನ್ನದಾಗುವುದಿಲ್ಲ. ಮನೆಯವರು ತಾವಾಗಿ ಹೇಳಿ, ಬರೆ ಅಂದರೆ ಬರೆಯುತ್ತೇನೆ. ಸ್ವಂತ ಮನೆಯ ವಿಷಯದಲ್ಲೂ ಇದೇ. ಅಜ್ಜಿಯ ಸಾಲದ ಗುರುತುಗಳನ್ನು ಬರೆಯುವ ಮೊದಲು ಅತ್ತೆಯಂದಿರನ್ನು ಕೇಳಿದೆ. ಯಾವ ಗುರುತು ಯಾವ ಮನೆಯದ್ದು ಅಂತ ಮಾತ್ರ ಎಲ್ಲೂ ಬರೆಯಬಾರದು ಅಂದರು. ಬರೆದಿಲ್ಲ.

ಹಿರಿಯರು ಅಂದರೆ ಬರೀ ಸತ್ತವರಲ್ಲ ಅಂತಲೂ ಹೇಳಬೇಕು. ಈಗ ಮಲ್ಪೆಯ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಹುಡುಗರು ದುಡಿಯುತ್ತಿದ್ದಾರೆ. ನಮ್ಮ ಚಿಕ್ಕಜ್ಜ ಬಲೆ ರಿಪೇರಿಯನ್ನು ಅವರಿಗೆ ಕಲಿಸುತ್ತಾರೆ. ಅವರ ಹಿಂದಿ, ಚಿಕ್ಕಜ್ಜನ ಕುಂದಗನ್ನಡ, ನಡುವೆ ಆ ಗಂಟು. ಆ ಕೆಲಸ ಮುಂದೆ ಹೋಗುವುದು ಅವರ ಕೈಯಲ್ಲಿ, ನನ್ನ ಅಣ್ಣ ತಮ್ಮಂದಿರ ಕೈಯಲ್ಲಿ ಅಲ್ಲ. ನಮ್ಮ ಮನೆತನದ ಚಿತ್ರದಲ್ಲಿ ಆ ಹುಡುಗರಿಗೆ ಜಾಗ ಇಲ್ಲದಿದ್ದರೆ ಅದು ಸುಳ್ಳು ಚಿತ್ರ. ಹಾಗೆಯೇ ಕಡಲ್ಕೊರೆತ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ನೋಡಲು ಬರುವವರು ಫೋಟೋ ತೆಗೆಯುತ್ತಾರೆ. ದಡಕ್ಕೆ ಸುರಿದ ಕಲ್ಲಿನ ರಾಶಿಯನ್ನು ಫೋಟೋದಿಂದ ಹೊರಗೆ ಬಿಡುತ್ತಾರೆ. ರಂಪಣಿ ಎಳೆಯಲು ಬೇಕಾಗುತ್ತಿದ್ದ ಅಗಲದ ಮರಳು ದಡವೇ ಎಷ್ಟೋ ಕಡೆ ಈಗ ಉಳಿದಿಲ್ಲ. ಕಲ್ಲುಗಳನ್ನು ಬರೆಯಿರಿ. ಅದೂ ನಮ್ಮ ಊರೇ.

ಒಬ್ಬ ಹುಡುಗಿ ಮಾತಿನ ನಡುವೆ ಚೀಟಿ ಕಳಿಸಿದ್ದಳು. "ನಮ್ಮಜ್ಜನಿಗೆ ಮಾತಾಡಲು ಪುರುಸೊತ್ತೇ ಇಲ್ಲ, ಕೇಳಿದರೆ ಬೈಯುತ್ತಾರೆ, ಏನು ಮಾಡಲಿ?" ಅಂತ. ಮಗಾ, ಸುಗ್ಗಿಯಲ್ಲಿ ಕೇಳಿದರೆ ಯಾರಾದರೂ ಬೈಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಈ 61 ದಿನ ಬೋಟು ದಡದಲ್ಲಿ, ಬಲೆ ಶೆಡ್ಡಿನಲ್ಲಿ. ಹೊರಗೆ ಜಡಿಮಳೆ. ಗಂಡಸರೆಲ್ಲ ಕೂತು ಬಲೆ ರಿಪೇರಿ ಮಾಡುವ ಕಾಲ ಅದು. ಆಗ ಹೋಗು. ಸುಮ್ನೆ ರೆಕಾರ್ಡರ್ ಹಿಡಿದು ಎದುರು ಕೂರಬೇಡ, ಒಂದು ಸೂಜಿ ಕೇಳಿ ತಗೊಂಡು ಪಕ್ಕದಲ್ಲಿ ಕೂತುಕೋ. ನೂಲು ಸುತ್ತಿಕೊಡು. ಕೈಗೆ ಕೆಲಸ ಇದ್ದಾಗ ನಮ್ಮ ಕಡೆಯ ಗಂಡಸರು ಮಾತಾಡುತ್ತಾರೆ. ಅಜ್ಜಿ ಇದ್ದರೆ ಅವರ ಹತ್ತಿರ ಮೊದಲು ಹೋಗು, ಅವರಿಗೆ ಜಾಸ್ತಿ ನೆನಪಿರುತ್ತದೆ. ಬರೆದದ್ದನ್ನು ತಂದು ಅವರಿಗೇ ಮೊದಲು ತೋರಿಸು. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಪುನಃ ಯಾರೂ ಸಿಗುವುದಿಲ್ಲ, ಹಾಗಾಗಿ ಈ ಸಲದ ಮಳೆಗಾಲವನ್ನು ಬಿಡಬೇಡ.